ಮೂರು ಮಿಣುಕು, ಎರಡು ಮಿಣುಕು

ಯಂತ್ರಗಳಿಗೆ ಬಾಯಿಲ್ಲ ಎಂದು ಹೇಳುವವರು ಅಡಿಗೆಮನೆಗೆ ಬಂದು ನೋಡಿಲ್ಲ. ಕುಕ್ಕರು ಕೂಗಿ ಕರೆಯುತ್ತದೆ. ಎಣ್ಣೆ ಬೇಕಾದ ಹೊಲಿಗೆ ಯಂತ್ರ ಕಿರುಗುಟ್ಟುತ್ತದೆ. ಮಿಕ್ಸಿ ಸುಟ್ಟುಹೋಗುವ ಮೊದಲು ಒಂದು ಬಗೆಯ ವಾಸನೆ ಬಿಟ್ಟು ಎಚ್ಚರಿಸುತ್ತದೆ. ಈ ಭಾಷೆಗಳನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ; ದಿನವೂ ಕೇಳಿ ಕೇಳಿ ಅರ್ಥ ಮಾಡಿಕೊಂಡೆವು. ಆದರೆ ಕಾರಿನ ಮಾತು ಬಂತೆಂದರೆ ನಮ್ಮಲ್ಲಿ ಎಷ್ಟೋ ಮಂದಿ ಹಿಂದೆ ಸರಿಯುತ್ತೇವೆ. ಓಡಿಸುವವರು ನಾವೇ ಆದರೂ, ಬಾನೆಟ್ಟಿನ ಕೆಳಗೆ ಏನಿದೆ, ಎದುರಿನ ಫಲಕದಲ್ಲಿ ಹೊತ್ತಿದ ದೀಪಕ್ಕೆ ಏನರ್ಥ ಎನ್ನುವುದು ಗಂಡಸರ ವ್ಯವಹಾರ ಎಂದು ಬಿಟ್ಟುಬಿಡುತ್ತೇವೆ.

ಹಾಗೆ ಬಿಟ್ಟುಬಿಡಬಾರದ ದೀಪವೊಂದಿದೆ. ಏರ್‌ಬ್ಯಾಗಿನ ದೀಪ. ಅದರ ಹಿಂದೆ ಸುಮಾರು 70 ವರ್ಷಗಳ ಜಗಳದ ಕಥೆಯಿದೆ. ಆ ಕಥೆಯಲ್ಲಿ ಒಬ್ಬ ತಾಯಿ ಇದ್ದಾಳೆ, ಸರ್ಕಾರದಲ್ಲಿದ್ದ ಇಬ್ಬರು ಹೆಂಗಸರಿದ್ದಾರೆ, ಲೆಕ್ಕಕ್ಕೇ ಬಾರದೆ ಹೋದ ಅನೇಕ ಹೆಂಗಸರೂ ಮಕ್ಕಳೂ ಇದ್ದಾರೆ. ಆದ್ದರಿಂದ ಇದು ನಮ್ಮ ಕಥೆಯೂ ಹೌದು.

ಮೊದಲು ದೀಪದ ಭಾಷೆ ಏನೆಂದು ನೋಡೋಣ. ಉದಾಹರಣೆಗೆ ಅಮೆರಿಕದ ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರನ್ನೇ ತೆಗೆದುಕೊಳ್ಳುತ್ತೇನೆ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಜನರ ಕಣ್ಣಿಗೆ ಬಿದ್ದ ಈ ಸ್ಪೋರ್ಟ್ಸ್ ಕಾರು ಅಮೆರಿಕದ ಹರೆಯದವರ ಕನಸಾಗಿತ್ತು. ಅದರ ಮೂತಿಯ ಮೇಲೆ ಓಡುವ ಕುದುರೆಯ ಗುರುತು. 1990ರಲ್ಲಿ ಈ ಕಾರಿನ ಚಾಲಕರ ಮುಂದೆ ಏರ್‌ಬ್ಯಾಗ್ ಬಂತು, 1994ರಲ್ಲಿ ಪಕ್ಕದ ಸೀಟಿಗೂ ಬಂತು. ಆ ಕಾಲದ ಮಸ್ಟಾಂಗುಗಳನ್ನು ಇಂದಿಗೂ ಮುದ್ದಿನಿಂದ ಸಾಕಿಕೊಂಡವರು ಅಲ್ಲಿ ಬೇಕಾದಷ್ಟು ಜನ.

ಕೀಲಿ ತಿರುಗಿಸಿದೊಡನೆ ಫಲಕದಲ್ಲಿ ಏರ್‌ಬ್ಯಾಗಿನ ದೀಪ ಹೊತ್ತಿಕೊಳ್ಳುತ್ತದೆ. ಸುಮಾರು ಆರು ಸೆಕೆಂಡು ಉರಿದು ಆರಿಹೋಗುತ್ತದೆ. ಆ ಆರು ಸೆಕೆಂಡಿನಲ್ಲಿ ಪುಟ್ಟದೊಂದು ವಿದ್ಯುತ್ ಪೆಟ್ಟಿಗೆ ತನ್ನ ಸಂಸಾರವನ್ನೆಲ್ಲ ಒಮ್ಮೆ ವಿಚಾರಿಸಿಕೊಳ್ಳುತ್ತದೆ: ತಂತಿ ಕಡಿದಿಲ್ಲ ತಾನೆ, ಬ್ಯಾಟರಿಯಲ್ಲಿ ಶಕ್ತಿ ಇದೆ ತಾನೆ, ಡಿಕ್ಕಿಯನ್ನು ಗುರುತಿಸುವ ಸಂವೇದಕಗಳು ಜಾಗದಲ್ಲಿವೆ ತಾನೆ? ಎಲ್ಲ ಸರಿಯಿದ್ದರೆ ದೀಪ ಆರುತ್ತದೆ. ಅಂದರೆ ಇಲ್ಲಿ ದೀಪ ಆರುವುದೇ ಶುಭ. ಆರದೆ ಉರಿಯುತ್ತಲೇ ಇದ್ದರೆ ಅಥವಾ ಮಿಣುಕತೊಡಗಿದರೆ ಎಲ್ಲೋ ಕೆಟ್ಟಿದೆ ಎಂದರ್ಥ.

ಮಿಣುಕುವುದರಲ್ಲೂ ಒಂದು ಕ್ರಮವಿದೆ. ಮೂರು ಸಲ ಮಿಣುಕಿ, ತುಸು ತಡೆದು, ಎರಡು ಸಲ ಮಿಣುಕುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಮೂರು, ಎರಡು. ಪಕ್ಕದಲ್ಲೊಂದು ಕಾಗದ ಇಟ್ಟುಕೊಂಡು ಎಣಿಸಿ ಬರೆದರೆ 32 ಎಂಬ ಅಂಕಿ ಸಿಗುತ್ತದೆ. ಕೈಪಿಡಿಯಲ್ಲಿ 32ಕ್ಕೆ ಅರ್ಥ ಹೀಗಿದೆ: ಚಾಲಕರ ಏರ್‌ಬ್ಯಾಗಿಗೆ ಹೋಗುವ ತಂತಿಯ ಹಾದಿ ಕಡಿದಿದೆ, ಅಥವಾ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತಿಲ್ಲ. 33 ಬಂದರೆ ಇದೇ ದೂರು ಪಕ್ಕದ ಸೀಟಿನ ಏರ್‌ಬ್ಯಾಗಿನದು. ಎರಡು ಮೂರು ತೊಂದರೆ ಒಟ್ಟಿಗೆ ಇದ್ದರೆ ಪೆಟ್ಟಿಗೆ ಎಲ್ಲವನ್ನೂ ಒಮ್ಮೆಗೇ ಹೇಳುವುದಿಲ್ಲ. ಹೆಚ್ಚು ತುರ್ತಿನದನ್ನು ಮೊದಲು ಹೇಳುತ್ತದೆ. ಅದನ್ನು ಸರಿಪಡಿಸಿದ ಮೇಲೆ ಮುಂದಿನದು. ಒಂದು ವೇಳೆ ಆ ದೀಪವೇ ಸುಟ್ಟುಹೋಗಿದ್ದರೆ? ಅದಕ್ಕೂ ಉಪಾಯ ಮಾಡಿದ್ದಾರೆ. ಆಗ ಕಾರು ಐದೈದು ಸಲ ಬೀಪ್ ಎಂದು ಸದ್ದು ಮಾಡುತ್ತದೆ.

32ನೆಯ ದೂರಿಗೆ ಬಹಳ ಸಲ ಕಾರಣವಾಗುವುದು ಸ್ಟಿಯರಿಂಗ್ ಚಕ್ರದ ಕೆಳಗಿರುವ ಒಂದು ಸುರುಳಿ. ಮೆಕ್ಯಾನಿಕ್ಕುಗಳು ಅದನ್ನು ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಚಾಲಕರ ಏರ್‌ಬ್ಯಾಗ್ ಇರುವುದು ಸ್ಟಿಯರಿಂಗಿನ ನಡುವೆ; ಸ್ಟಿಯರಿಂಗೋ ಸದಾ ತಿರುಗುವಂಥದು. ಮಾಮೂಲಿ ತಂತಿ ಎಳೆದರೆ ನಾಲ್ಕು ತಿರುವಿಗೆ ಹುರಿಯಾಗಿ ಹರಿದುಹೋದೀತು. ಅದಕ್ಕಾಗಿ ಚಪ್ಪಟೆಯಾದ ಪಟ್ಟಿಯಂಥ ತಂತಿಯನ್ನು, ರಿಬ್ಬನ್ ಸುತ್ತಿಡುತ್ತೇವಲ್ಲ ಹಾಗೆ, ಡಬ್ಬಿಯೊಂದರಲ್ಲಿ ಸುತ್ತಿಟ್ಟಿರುತ್ತಾರೆ. ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ, ಎಡಕ್ಕೆ ತಿರುಗಿಸಿದರೆ ಸಡಿಲುತ್ತದೆ. ಹತ್ತಿಪ್ಪತ್ತು ವರ್ಷ ಹೀಗೆ ಬಿಗಿದು ಸಡಿಲಿ ಕೊನೆಗೊಂದು ದಿನ ಒಳಗೊಳಗೇ ಸೀಳುತ್ತದೆ. ಹಲವು ಕಾರುಗಳಲ್ಲಿ ಹಾರನ್ನಿನ ತಂತಿಯೂ ಇದೇ ಸುರುಳಿಯ ಮೂಲಕ ಹೋಗುವುದರಿಂದ, ದೀಪ ಮಿಣುಕುವುದರ ಜೊತೆಗೆ ಹಾರನ್ನೂ ಕೈಕೊಟ್ಟಿದ್ದರೆ ಸಂಶಯ ಬಲವಾಗುತ್ತದೆ. ಹೀಗೆ ಒಂದು ಸುಳಿವಿಗೆ ಇನ್ನೊಂದನ್ನು ಕೂಡಿಸುತ್ತಾ ಹೋಗುವುದೇ ರೋಗ ಪತ್ತೆ. ಮಗುವಿಗೆ ಜ್ವರ ಬಂದಾಗ ನಾಲಿಗೆ ನೋಡಿ, ಹೊಟ್ಟೆ ಮುಟ್ಟಿ, ನಿನ್ನೆ ಏನು ತಿಂದಿತ್ತು ಎಂದು ನೆನಪಿಸಿಕೊಳ್ಳುವ ಬುದ್ಧಿಯೇ ಇಲ್ಲಿಯೂ ಬೇಕು.

ಇಷ್ಟೆಲ್ಲ ಕಾವಲು ಯಾವುದಕ್ಕೆ? ಒಂದು ಚೀಲಕ್ಕೆ. ಆ ಚೀಲ ಹುಟ್ಟಿದ ಬಗೆ ತಿಳಿದರೆ ನಿಮಗೂ ಅದರ ಮೇಲೆ ಅಕ್ಕರೆ ಮೂಡೀತು.

1952ರ ವಸಂತದ ಒಂದು ಭಾನುವಾರ. ಪೆನ್ಸಿಲ್ವೇನಿಯಾದ ನ್ಯೂಪೋರ್ಟ್ ಎಂಬ ಊರಿನ ಜಾನ್ ಹೆಟ್ರಿಕ್ ಎಂಬ ಎಂಜಿನಿಯರು ಹೆಂಡತಿಯನ್ನೂ ಏಳು ವರ್ಷದ ಮಗಳನ್ನೂ ಕೂರಿಸಿಕೊಂಡು ಕಾರಿನಲ್ಲಿ ಹೊರಟಿದ್ದರು. ದಿಬ್ಬ ದಾಟುತ್ತಲೇ ರಸ್ತೆಯಲ್ಲಿ ದೊಡ್ಡ ಕಲ್ಲು. ತಪ್ಪಿಸಲು ಹೋಗಿ ಕಾರು ಚರಂಡಿಗಿಳಿಯಿತು. ಬ್ರೇಕು ಒತ್ತಿದ ಆ ಕ್ಷಣದಲ್ಲಿ ಗಂಡ ಹೆಂಡತಿ ಇಬ್ಬರೂ, ಒಬ್ಬರಿಗೊಬ್ಬರು ಹೇಳದೆಯೇ, ನಡುವೆ ಕೂತಿದ್ದ ಮಗಳ ಎದೆಗೆ ಅಡ್ಡವಾಗಿ ಕೈ ಚಾಚಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮನೆಗೆ ಬಂದ ಹೆಟ್ರಿಕ್‌ಗೆ ಅದೇ ಯೋಚನೆ: ಮುಂದಿನ ಫಲಕಕ್ಕೆ ಬಡಿಯದ ಹಾಗೆ ಏನಾದರೊಂದು ಮೆತ್ತನೆಯದು ತಾನಾಗಿ ಬಂದು ಅಡ್ಡ ನಿಲ್ಲುವಂತಿದ್ದರೆ? ನೌಕಾಪಡೆಯಲ್ಲಿ ಕೆಲಸ ಮಾಡಿದ್ದ ಅವರು ಅದುಮಿಟ್ಟ ಗಾಳಿಯ ಶಕ್ತಿಯನ್ನು ಕಣ್ಣಾರೆ ಕಂಡಿದ್ದರು. ಕಾಗದದ ಮೇಲೆ ಚಿತ್ರ ಬರೆದರು, ಅರ್ಜಿ ಹಾಕಿದರು. 1953ರ ಆಗಸ್ಟ್ 18ರಂದು ಪೇಟೆಂಟು ಸಿಕ್ಕಿತು. ಜರ್ಮನಿಯ ವಾಲ್ಟರ್ ಲಿಂಡರರ್ ಎಂಬವರೂ 1951ರಲ್ಲಿಯೇ ಇಂಥದೇ ಯೋಚನೆಗೆ ಅರ್ಜಿ ಹಾಕಿ, 1953ರಲ್ಲಿಯೇ ಪೇಟೆಂಟು ಪಡೆದಿದ್ದರು.

ಯಾವ ಕಾರು ಕಂಪನಿಯೂ ಹೆಟ್ರಿಕ್‌ರ ಕಡೆ ತಿರುಗಿ ನೋಡಲಿಲ್ಲ. ಪೇಟೆಂಟಿನ ಅವಧಿ ಮುಗಿದುಹೋಯಿತು. ಅವರ ಕೈಗೆ ಬಿಡಿಗಾಸೂ ಬರಲಿಲ್ಲ. ಅವರ ಯೋಚನೆಯಲ್ಲಿ ಕೊರತೆಯೂ ಇತ್ತೆನ್ನಿ. ಡಿಕ್ಕಿಯಾದ ಮೇಲೆ ತಲೆ ಸ್ಟಿಯರಿಂಗಿಗೆ ಬಡಿಯಲು ಕಣ್ಣೆವೆ ಮುಚ್ಚುವಷ್ಟು ಹೊತ್ತೂ ಬೇಡ. ಅಷ್ಟರೊಳಗೆ ಚೀಲ ತುಂಬಬೇಕು. ಡಬ್ಬಿಯಲ್ಲಿ ಅದುಮಿಟ್ಟ ಗಾಳಿಗೆ ಆ ಚುರುಕು ಇರಲಿಲ್ಲ. 1960ರ ದಶಕದ ಕೊನೆಯಲ್ಲಿ ಎರಡು ದಾರಿಗಳು ತೆರೆದವು. ಅಲೆನ್ ಬ್ರೀಡ್ ಎಂಬವರು ಡಿಕ್ಕಿಯನ್ನು ಗುರುತಿಸುವ ಅಗ್ಗದ ಸಾಧನ ಮಾಡಿದರು: ಕೊಳವೆಯೊಳಗೆ ಒಂದು ಉಕ್ಕಿನ ಗುಂಡು, ಅದನ್ನು ಹಿಡಿದಿಡಲು ಅಯಸ್ಕಾಂತ. ಡಿಕ್ಕಿಯ ರಭಸಕ್ಕೆ ಗುಂಡು ಅಯಸ್ಕಾಂತದ ಹಿಡಿತ ಬಿಟ್ಟು ಮುಂದಕ್ಕೆ ಹೋಗಿ ತಂತಿಗಳನ್ನು ಕೂಡಿಸುತ್ತದೆ. ಇನ್ನೊಂದು ದಾರಿ, ಗಾಳಿಯ ಬದಲು ಸೋಡಿಯಂ ಅಜೈಡ್ ಎಂಬ ರಾಸಾಯನಿಕ. ಕಿಡಿ ತಾಗಿದೊಡನೆ ಅದು ಸಾರಜನಕ ಅನಿಲವನ್ನು ಭುಗಿಲ್ಲನೆ ಬಿಟ್ಟು ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಭಾಗದಷ್ಟು ಹೊತ್ತಿನಲ್ಲಿ ಚೀಲವನ್ನು ಉಬ್ಬಿಸುತ್ತದೆ. ಮೆತ್ತನೆಯ ದಿಂಬು ಎಂದು ನಾವು ತಿಳಿಯುವ ಏರ್‌ಬ್ಯಾಗ್ ನಿಜವಾಗಿ ಒಂದು ಸಣ್ಣ ಸಿಡಿಮದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಧನವೇನೋ ಸಿದ್ಧವಾಯಿತು. ಜನರಲ್ ಮೋಟಾರ್ಸ್ ಕಂಪನಿ 1973ರಲ್ಲಿ ಪರೀಕ್ಷೆಗೆಂದು ಸಾವಿರ ಕಾರುಗಳಲ್ಲಿ ಅಳವಡಿಸಿತು. 1974ರಿಂದ 1976ರವರೆಗೆ ಬೇಕಾದವರಿಗೆ ಹೆಚ್ಚು ಹಣಕ್ಕೆ ಕೊಟ್ಟಿತು. ಕೊಂಡವರು ಸುಮಾರು 10,000 ಮಂದಿ ಮಾತ್ರ. ಸುರಕ್ಷತೆ ವ್ಯಾಪಾರಕ್ಕೆ ಆಗದು ಎಂದು ಕಂಪನಿಗಳು ಕೈ ತೊಳೆದುಕೊಂಡವು. ಸರ್ಕಾರ ಕಡ್ಡಾಯ ಮಾಡಹೊರಟಾಗಲೆಲ್ಲ ಅಡ್ಡ ಬಂದವು. 1971ರ ಏಪ್ರಿಲ್ 27ರಂದು ಫೋರ್ಡ್ ಕಂಪನಿಯ ಯಜಮಾನ ಎರಡನೆಯ ಹೆನ್ರಿ ಫೋರ್ಡ್ ಮತ್ತು ಅದರ ಅಧ್ಯಕ್ಷ ಲೀ ಅಯಕೊಕ ಶ್ವೇತಭವನಕ್ಕೆ ಹೋಗಿ, ಏರ್‌ಬ್ಯಾಗಿನ ನಿಯಮ ಬೇಡವೆಂದು ಅಧ್ಯಕ್ಷ ನಿಕ್ಸನ್ ಬಳಿ ದೂರಿಕೊಂಡರು. ನಿಕ್ಸನ್ ತಮ್ಮ ಕೋಣೆಯ ಮಾತುಕತೆಯನ್ನೆಲ್ಲ ಗುಟ್ಟಾಗಿ ಮುದ್ರಿಸಿಕೊಳ್ಳುತ್ತಿದ್ದರಲ್ಲ, ಆ ಸುರುಳಿಯಲ್ಲಿ ಇದೂ ಉಳಿದುಬಂತು. ನಿಯಮ ಮುಂದಕ್ಕೆ ಹೋಯಿತು. ಈ ಅಯಕೊಕ ಬೇರೆ ಯಾರೂ ಅಲ್ಲ, ಮಸ್ಟಾಂಗಿನ ಜನಕ ಎಂದು ಹೆಸರಾದವರು.

ಮುಂದಿನ ಅಧ್ಯಾಯದಲ್ಲಿ ಇಬ್ಬರು ಹೆಂಗಸರು ಬರುತ್ತಾರೆ. ಒಬ್ಬರು ಜೋನ್ ಕ್ಲೇಬ್ರೂಕ್. 1977ರಿಂದ 1981ರವರೆಗೆ ಅಮೆರಿಕದ ರಸ್ತೆ ಸುರಕ್ಷತಾ ಆಡಳಿತದ ಮುಖ್ಯಸ್ಥೆ. ಏರ್‌ಬ್ಯಾಗು ಬೇಕೇ ಬೇಕು ಎಂದು ಹಟ ಹಿಡಿದವರು. ಅವರ ಕಾಲದಲ್ಲಿ ನಿಯಮ ಮತ್ತೆ ಜೀವ ಪಡೆಯಿತು. 1981ರಲ್ಲಿ ರೇಗನ್ ಸರ್ಕಾರ ಬಂದು ಅದನ್ನು ರದ್ದು ಮಾಡಿತು. ವಿಮಾ ಕಂಪನಿಯವರು ನ್ಯಾಯಾಲಯಕ್ಕೆ ಹೋದರು. ಅಪಘಾತವಾದರೆ ಹಣ ತೆರಬೇಕಾದವರು ಅವರೇ ತಾನೆ! 1983ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಸರಿಯಾದ ಕಾರಣ ಕೊಡದೆ ನಿಯಮ ರದ್ದು ಮಾಡಿದ್ದು ತಪ್ಪು ಎಂದಿತು. ಆಗ ಸಾರಿಗೆ ಸಚಿವೆಯಾಗಿದ್ದವರು ಎಲಿಜಬೆತ್ ಡೋಲ್. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ. ಕ್ಲೇಬ್ರೂಕ್‌ರದು ಒಂದು ಪಕ್ಷದ ಸರ್ಕಾರ, ಡೋಲ್‌ರದು ಎದುರು ಪಕ್ಷದ್ದು. ಆದರೂ 1984ರ ಜುಲೈನಲ್ಲಿ ಡೋಲ್ ಹೊರಡಿಸಿದ ಆದೇಶದಿಂದ ಬಾಗಿಲು ತೆರೆಯಿತು. ಪ್ರಯಾಣಿಕರು ಏನೂ ಮಾಡದೆಯೇ ಅವರನ್ನು ಕಾಪಾಡುವ ಏರ್ಪಾಡು, ಅಂದರೆ ಏರ್‌ಬ್ಯಾಗೋ ತಾನಾಗಿ ಬಿಗಿದುಕೊಳ್ಳುವ ಬೆಲ್ಟೋ, ಹೊಸ ಕಾರುಗಳಲ್ಲಿ ಹಂತಹಂತವಾಗಿ ಬರಲೇಬೇಕಾಯಿತು.

ಅಯಕೊಕ? ಅವರನ್ನು 1978ರಲ್ಲಿ ಹೆನ್ರಿ ಫೋರ್ಡ್ ಕೆಲಸದಿಂದ ತೆಗೆದುಹಾಕಿದ್ದರು. ಅವರು ಕ್ರೈಸ್ಲರ್ ಕಂಪನಿ ಸೇರಿ ಅದನ್ನು ಮುಳುಗದಂತೆ ಎತ್ತಿದರು. 1984ರ ತಮ್ಮ ಆತ್ಮಕಥೆಯಲ್ಲೂ ಅವರಿಗೆ ಏರ್‌ಬ್ಯಾಗ್ ಸೇರಿರಲಿಲ್ಲ. ಆದರೆ ನಾಲ್ಕೇ ವರ್ಷದಲ್ಲಿ, ತಮ್ಮ ಕಾರುಗಳಲ್ಲಿ ಏರ್‌ಬ್ಯಾಗ್ ಹಾಕಿಸಿ ಅದನ್ನೇ ಮುಂದೆ ಮಾಡಿಕೊಂಡು ಮಾರತೊಡಗಿದರು. 1990ರ ಮಾರ್ಚ್ 12ರಂದು ವರ್ಜೀನಿಯಾದ ಕಲ್ಪೆಪರ್ ಎಂಬಲ್ಲಿ ಎರಡು ಕ್ರೈಸ್ಲರ್ ಕಾರುಗಳು ಮುಖಾಮುಖಿ ಢಿಕ್ಕಿಯಾದವು. ಎರಡರಲ್ಲೂ ಏರ್‌ಬ್ಯಾಗ್ ಇತ್ತು, ಎರಡೂ ಅರಳಿದವು, ಇಬ್ಬರು ಚಾಲಕರೂ ಬದುಕಿದರು. ಜನ ಇನ್ನು ನಂಬದಿರಲು ಕಾರಣ ಉಳಿಯಲಿಲ್ಲ. 1991ರಲ್ಲಿ ಕಾನೂನೇ ಬಂತು. 1998ರ ಮಾದರಿಯಿಂದ ಅಮೆರಿಕದ ಎಲ್ಲ ಹೊಸ ಕಾರುಗಳ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಒಮ್ಮೆ ಬೇಡವೆಂದು ಶ್ವೇತಭವನದ ಮೆಟ್ಟಿಲು ಹತ್ತಿದವರ ಕುದುರೆ ಗುರುತಿನ ಕಾರಿನಲ್ಲೂ ಅಷ್ಟರಲ್ಲಿ ಎರಡು ಚೀಲಗಳು ಮಡಿಸಿಕೊಂಡು ಕೂತಿದ್ದವು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ.

ಏರ್‌ಬ್ಯಾಗಿಗೆ ಎಷ್ಟು ಶಕ್ತಿ ಬೇಕು ಎಂದು ತೀರ್ಮಾನಿಸಲು ಪರೀಕ್ಷೆಯಲ್ಲಿ ಒಂದು ಬೊಂಬೆಯನ್ನು ಕೂರಿಸುತ್ತಿದ್ದರು. ಆ ಬೊಂಬೆ ಗಂಡಸು. ಎತ್ತರ ಸುಮಾರು 175 ಸೆಂಟಿಮೀಟರು, ತೂಕ ಸುಮಾರು 78 ಕಿಲೋ. ಆ ಕಾಲದ ಅಮೆರಿಕದ ಬಹುತೇಕ ಜನ ಸೀಟ್ ಬೆಲ್ಟ್ ಹಾಕುತ್ತಿರಲಿಲ್ಲವಾದ್ದರಿಂದ, ಬೆಲ್ಟ್ ಹಾಕದ ಅಂಥ ಗಂಡಸು ಗಂಟೆಗೆ 48 ಕಿಲೋಮೀಟರು ವೇಗದಲ್ಲಿ ಗೋಡೆಗೆ ಹೊಡೆದಾಗಲೂ ಅವನನ್ನು ತಡೆಯಬೇಕು ಎಂಬುದು ಅಳತೆಗೋಲು. ಅಂಥವನನ್ನು ತಡೆಯಲು ಚೀಲ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಸಿಡಿದು ಬರಬೇಕಾಗುತ್ತಿತ್ತು. ಕಾಲು ಎಟುಕಲೆಂದು ಸ್ಟಿಯರಿಂಗಿಗೆ ಅಂಟಿಕೊಂಡು ಕೂತ ಕುಳ್ಳ ಹೆಂಗಸು? ಮುಂದಿನ ಸೀಟಿನಲ್ಲಿ ನಿಂತ ಮಗು? ಅವರು ಆ ಅಳತೆಯಲ್ಲಿ ಇರಲೇ ಇಲ್ಲ.

ಫಲ ಬೇಗನೆ ಕಂಡಿತು. ಅಂಗಡಿಯ ಮುಂದೆ ಕಾರು ನಿಲ್ಲಿಸುವಾಗ ಆಗುವಂಥ ನಿಧಾನದ ಡಿಕ್ಕಿಗಳಲ್ಲೂ, ಡಿಕ್ಕಿಯಿಂದಲ್ಲ, ಉಬ್ಬಿದ ಚೀಲದ ಹೊಡೆತದಿಂದಲೇ ಮಕ್ಕಳು ಸತ್ತರು, ಹೆಂಗಸರು ಸತ್ತರು. 1990ರಿಂದ 2008ರವರೆಗೆ ಹೀಗೆ ಸತ್ತವರು 290ಕ್ಕೂ ಹೆಚ್ಚು ಎಂದು ಅಲ್ಲಿನ ಸರ್ಕಾರದ್ದೇ ಅಂದಾಜು. ಹೆಚ್ಚಿನವರು ಪಕ್ಕದ ಸೀಟಿನಲ್ಲಿದ್ದವರು, ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು. ಬಹುಪಾಲು ಜನ ಬೆಲ್ಟ್ ಹಾಕಿರಲಿಲ್ಲ, ಅಥವಾ ಸರಿಯಾಗಿ ಹಾಕಿರಲಿಲ್ಲ. ಸುಮಾರು ನೂರಕ್ಕೆ ತೊಂಬತ್ತು ಸಾವುಗಳು 1998ಕ್ಕಿಂತ ಹಿಂದೆ ತಯಾರಾದ ಕಾರುಗಳಲ್ಲಿ. ಮಗಳ ಎದೆಗೆ ಅಡ್ಡ ಚಾಚಿದ ತಾಯ್ತಂದೆಯರ ಕೈಯಿಂದ ಹುಟ್ಟಿದ ಯೋಚನೆ ಮಕ್ಕಳಿಗೇ ಎರವಾಯಿತು. ಇದನ್ನು ಮೊದಲು ಓದಿದಾಗ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ. ಚೀಲದ ತಪ್ಪೇನು? ಅಳತೆ ತೆಗೆದವರು ಯಾರ ಮೈ ಅಳತೆ ತೆಗೆದರು ಎನ್ನುವುದೇ ಪ್ರಶ್ನೆ. ದರ್ಜಿ ಒಬ್ಬರ ಅಳತೆಗೆ ಹೊಲಿದದ್ದನ್ನು ಊರಿಗೆಲ್ಲ ತೊಡಿಸಿದರೆ ನಾವು ಸುಮ್ಮನಿರುತ್ತೇವೆಯೆ?

ಆಮೇಲೆ ತಿದ್ದಿಕೊಂಡರು. 1997ರಲ್ಲಿ ಚೀಲದ ರಭಸ ತಗ್ಗಿಸಲು ಅನುಮತಿ ಸಿಕ್ಕಿತು. 2000ದಲ್ಲಿ ಬಂದ ಹೊಸ ನಿಯಮದಲ್ಲಿ ಸುಮಾರು 5 ಅಡಿ ಎತ್ತರದ, 49 ಕಿಲೋ ತೂಕದ ಹೆಣ್ಣು ಬೊಂಬೆಯನ್ನೂ ಮಕ್ಕಳ ಬೊಂಬೆಗಳನ್ನೂ ಕೂರಿಸಿ ನೋಡಬೇಕೆಂದಾಯಿತು. 2006ರ ಹೊತ್ತಿಗೆ ಅದು ಅಲ್ಲಿ ತಯಾರಾಗುವ ಎಲ್ಲ ಕಾರುಗಳಿಗೂ ಅನ್ವಯವಾಯಿತು. ಒಟ್ಟು ಲೆಕ್ಕ ನೋಡಿದರೆ ಏರ್‌ಬ್ಯಾಗಿನ ಪುಣ್ಯವೇ ದೊಡ್ಡದು: 1987ರಿಂದ 2017ರವರೆಗೆ ಅಮೆರಿಕದಲ್ಲಿ ಅದು 50,000ಕ್ಕೂ ಹೆಚ್ಚು ಜೀವ ಉಳಿಸಿತೆಂದು ಅಂದಾಜು. ಆದರೆ ಲೆಕ್ಕ ಸರಿಹೋಗುವ ಮೊದಲು ತೆತ್ತವರು ಯಾರು ಎನ್ನುವುದನ್ನು ಮರೆಯಬಾರದು.

ಈಗ ಮತ್ತೆ ಮಿಣುಕುವ ದೀಪಕ್ಕೆ ಬರೋಣ. 1994ರಿಂದ 1997ರವರೆಗಿನ ಮಸ್ಟಾಂಗಿನಲ್ಲಿ ಮಡಿಸಿಟ್ಟದ್ದು ಆ ಹಳೆಯ, ರಭಸದ ಚೀಲ. ಅದು ಕೆಲಸ ಮಾಡಿದರೆ ಹತ್ತಿರ ಕೂತವರಿಗೆ ಅಪಾಯ. ಕೆಲಸ ಮಾಡದಿದ್ದರೆ ದೊಡ್ಡ ಡಿಕ್ಕಿಯಲ್ಲಿ ಎಲ್ಲರಿಗೂ ಅಪಾಯ. ಹಾಗಾಗಿ ದೀಪದ ಮಾತನ್ನು ಎರಡು ಪಟ್ಟು ಗಮನ ಕೊಟ್ಟು ಕೇಳಬೇಕು. 32 ಎಂದು ಎಣಿಸಿ ಬರೆದುಕೊಳ್ಳುವವರೆಗಿನ ಕೆಲಸ ಯಾರು ಬೇಕಾದರೂ ಮಾಡಬಹುದು. ಅದರಿಂದ ಮುಂದಿನದು ಪಳಗಿದವರ ಕೆಲಸ. ಅವರು ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ಟಿಗೆಯಲ್ಲಿ ಉಳಿದಿರುವ ಶಕ್ತಿ ಇಳಿಯಲೆಂದು ಕೈಪಿಡಿ ಹೇಳಿದಷ್ಟು ಹೊತ್ತು ಕಾಯುತ್ತಾರೆ. ಡಿಕ್ಕಿಯಲ್ಲಿ ಬ್ಯಾಟರಿ ಜಖಂ ಆದರೂ ಚೀಲ ಅರಳಲೆಂದು ಆ ಪೆಟ್ಟಿಗೆ ಸ್ವಲ್ಪ ಶಕ್ತಿಯನ್ನು ಗಂಟು ಕಟ್ಟಿಕೊಂಡಿರುತ್ತದೆ. ವಿದ್ಯುತ್ ಅಳೆಯುವ ಮೀಟರನ್ನು ಏರ್‌ಬ್ಯಾಗಿಗೇ ಹಚ್ಚುವುದಿಲ್ಲ. ಮೀಟರಿನ ಅಲ್ಪ ಶಕ್ತಿಯೂ ಅದನ್ನು ಸಿಡಿಸೀತು. ಏರ್‌ಬ್ಯಾಗಿನ ಜಾಗದಲ್ಲಿ ಅದರಂತೆಯೇ ನಟಿಸುವ ಚಿಕ್ಕ ಸಾಧನವೊಂದನ್ನು ಸಿಕ್ಕಿಸಿ ನೋಡುತ್ತಾರೆ. ದೂರು ನಿಂತರೆ ಕೆಟ್ಟದ್ದು ಏರ್‌ಬ್ಯಾಗು. ನಿಲ್ಲದಿದ್ದರೆ ಕೆಟ್ಟದ್ದು ತಂತಿ ಅಥವಾ ಆ ಸುರುಳಿ.

ಇಷ್ಟು ತಾಳ್ಮೆ ಇಲ್ಲದವರು ಒಂದು ಸುಲಭದ ದಾರಿ ಕಂಡುಕೊಂಡಿದ್ದಾರೆ: ದೀಪದ ಬಲ್ಬನ್ನೇ ಕಿತ್ತುಹಾಕುವುದು, ಇಲ್ಲವೇ ಅದರ ಮೇಲೊಂದು ಕಪ್ಪು ಪಟ್ಟಿ ಅಂಟಿಸುವುದು. ಹಳೆಯ ಕಾರು ಮಾರುವವರಲ್ಲಿ ಇಂಥವರು ಎಲ್ಲ ದೇಶದಲ್ಲೂ ಇದ್ದಾರೆ. ಅಳುವ ಮಗುವಿನ ಬಾಯಿ ಮುಚ್ಚಿ, ಮಗು ಆರೋಗ್ಯವಾಗಿದೆ ಎಂದ ಹಾಗೆ.

ಇದೆಲ್ಲ ನಮಗೇಕೆ ಎನ್ನುತ್ತೀರಾ? ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಪಕ್ಕದ ಸೀಟಿನದು ಎಲ್ಲ ಹೊಸ ಕಾರುಗಳಿಗೂ ಬಂದದ್ದು 2022ರ ಆರಂಭದ ಹೊತ್ತಿಗೆ. ಅಂದರೆ ಹೆಟ್ರಿಕ್ ಚಿತ್ರ ಬರೆದ 70 ವರ್ಷಗಳ ಮೇಲೆ. ಈಗ ನಮ್ಮ ಊರುಗಳ ಬೀದಿಯಲ್ಲಿ ನಿಂತ ಸಣ್ಣ ಕಾರಿನಲ್ಲೂ ಆ ಚೀಲವಿದೆ, ಆ ದೀಪವಿದೆ. ಈಗಿನ ಕಾರುಗಳು ಮಿಣುಕಿ ಅಂಕಿ ಹೇಳುವುದು ಕಡಿಮೆ. ಮೆಕ್ಯಾನಿಕ್ಕು ಯಂತ್ರ ಜೋಡಿಸಿ ಓದುತ್ತಾನೆ. ಆದರೆ ಕೀಲಿ ತಿರುಗಿಸಿದಾಗ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು ಎಂಬ ನಿಯಮ ಇಂದಿಗೂ ಅದೇ.

ನಾನು ಐದಡಿಗೆ ಒಂದಿಂಚು ಕಡಿಮೆ ಇರುವವಳು. ಕಾರು ಕಲಿಯುವಾಗ ಬೆನ್ನಿಗೆ ದಿಂಬು ಇಟ್ಟು ಸ್ಟಿಯರಿಂಗಿಗೆ ಹತ್ತಿರ ಸರಿದು ಕೂರುತ್ತಿದ್ದೆ. ಕ್ಲಚ್ಚು, ಗೇರು, ಕನ್ನಡಿ ಎಲ್ಲವನ್ನೂ ಹೇಳಿಕೊಟ್ಟ ಮೇಷ್ಟ್ರು ಎಷ್ಟು ದೂರ ಕೂರಬೇಕೆಂದು ಹೇಳಿಕೊಟ್ಟಿರಲಿಲ್ಲ. ಎದೆಗೂ ಸ್ಟಿಯರಿಂಗಿನ ನಡುವಿಗೂ ಕನಿಷ್ಠ 10 ಅಂಗುಲ, ಅಂದರೆ 25 ಸೆಂಟಿಮೀಟರು, ಅಂತರ ಬೇಕು ಎಂದು ಅಮೆರಿಕದವರು ಅಷ್ಟು ಸಾವುಗಳ ನಂತರ ಹೇಳಿದ ಮಾತು. ಈಗ ನಾನು ದಿಂಬನ್ನು ಬೆನ್ನಿನಿಂದ ತೆಗೆದು ಕೆಳಗೆ ಹಾಕಿಕೊಂಡಿದ್ದೇನೆ. ಸೀಟನ್ನು ಕಾಲು ಎಟುಕುವಷ್ಟು ಹಿಂದಕ್ಕೆ ಸರಿಸಿ, ಬೆನ್ನನ್ನು ತುಸು ವಾಲಿಸಿಕೊಂಡಿದ್ದೇನೆ. ಗೇಣು ಹಾಕಿ ನೋಡಿದರೆ ಒಂದೂಕಾಲು ಗೇಣು ಬರುತ್ತದೆ, ಸಾಕು. ನೀವೂ ಒಮ್ಮೆ ಅಳೆದು ನೋಡಿ. ಬೆಲ್ಟ್ ಹಾಕಿಕೊಳ್ಳಿ, ಚೀಲ ಬೆಲ್ಟಿನ ಜೊತೆಗೆ ದುಡಿಯುವಂಥದೇ ಹೊರತು ಅದರ ಬದಲಿಗಲ್ಲ. ಎಷ್ಟೇ ಹತ್ತಿರದ ಮದುವೆ ಮನೆಯಿರಲಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರಬೇಡಿ. ಮಕ್ಕಳ ಜಾಗ ಹಿಂದಿನ ಸೀಟು.

ನಾಳೆ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಗೇರು ಹಾಕುವ ಅವಸರ ಬೇಡ. ಏರ್‌ಬ್ಯಾಗಿನ ದೀಪ ಹೊತ್ತಿತೇ ನೋಡಿ, ಒಂದರಿಂದ ಹತ್ತರವರೆಗೆ ಎಣಿಸಿ. ಅಷ್ಟರಲ್ಲಿ ಅದು ಆರಿದರೆ ಹೊರಡಿ. ಆರದಿದ್ದರೆ, ಅಥವಾ ಮೊದಲಿಗೇ ಹೊತ್ತದಿದ್ದರೆ, ಅಂದೇ ಗ್ಯಾರೇಜಿಗೆ ಒಯ್ದು ಮೆಕ್ಯಾನಿಕ್ಕಿಗೆ ನೀವು ಕಂಡದ್ದನ್ನು ಕಂಡ ಹಾಗೆ ಹೇಳಿ. "ಏನೋ ದೀಪ ಬರ್ತಿದೆ" ಎನ್ನುವುದಕ್ಕಿಂತ, "ಏರ್‌ಬ್ಯಾಗಿನ ದೀಪ ಆರುತ್ತಿಲ್ಲ, ಸ್ಟಿಯರಿಂಗಿನ ಕೆಳಗಿನ ಸುರುಳಿಯನ್ನೂ ನೋಡಿ" ಎಂದರೆ ಅವನು ನಿಮ್ಮ ಮಾತನ್ನು ಇನ್ನಷ್ಟು ಕಿವಿಗೊಟ್ಟು ಕೇಳುತ್ತಾನೆ.